ಜರ್ಮನಿಯಲ್ಲಿ ಅಪ್ಪನ ಜೊತೆ ಹತ್ತು ದಿನ ಸೈಕಲ್: ಯೂರೋವೆಲೋ 6, 15, 13, ಯಾವುದು ಹಿಡಿಯಲಿ?

ಹೇಮಾವತಿ ದಂಡೆ | ಮಾರ್ಚ್ 3

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದಿಕೊಂಡು ಸುಮ್ಮನಿರುವವಳು, ಬರೆಯುತ್ತಿರುವುದು ಇದೇ ಮೊದಲು.

ನಾನಿರುವುದು ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಲ್ಲಿ. ಜೂನ್‌ನಲ್ಲಿ ಅಪ್ಪ ಬರುತ್ತಿದ್ದಾರೆ. ಹೋದ ಸಲ ಬಂದಾಗ ಅರಮನೆ, ಚರ್ಚು, ಕಾರ್ ಮ್ಯೂಸಿಯಂ ಅಂತ ತಿರುಗಿಸಿ ನಾನೇ ಸುಸ್ತಾದೆ. ಅವರು ಊರಿಗೆ ಹೋಗಿ ಹೇಳಿದ್ದು ಒಂದೇ ಮಾತು: "ಅಲ್ಲಿ ಸೈಕಲ್ಲಿಗೇ ಬೇರೆ ರಸ್ತೆ ಮಾಡವ್ರೆ ಕಣ್ರಪ್ಪಾ."

ಅಪ್ಪನಿಗೆ ಈಗ 66. ಅರಕಲಗೂಡು ಕಡೆ ಪೋಸ್ಟ್‌ಮ್ಯಾನ್ ಆಗಿದ್ದವರು, ಮೂವತ್ತು ವರ್ಷ ಅಟ್ಲಾಸ್ ಸೈಕಲ್ ತುಳಿದವರು. ದಿನಕ್ಕೆ ನಲವತ್ತು ಕಿಲೋಮೀಟರ್ ಅವರಿಗೆ ಲೆಕ್ಕಕ್ಕಿಲ್ಲ. ಆದರೆ ಗೇರ್ ಸೈಕಲ್ ಮುಟ್ಟಿದವರಲ್ಲ, ಬೆಟ್ಟಗುಡ್ಡ ಅಂದರೆ ಇಳಿದು ತಳ್ಳುವುದೇ ಅಭ್ಯಾಸ.

ಈ ಯೂರೋವೆಲೋ ಅನ್ನುವ ದೇಶದಿಂದ ದೇಶಕ್ಕೆ ಹೋಗುವ ಸೈಕಲ್ ದಾರಿಗಳಲ್ಲಿ ಒಂದನ್ನು ಹಿಡಿದು ಹತ್ತು ದಿನ ಹೋಗೋಣ ಅಂತ ಆಸೆ. ಮ್ಯಾಪ್ ತೆಗೆದರೆ ಜರ್ಮನಿ ತುಂಬ ನಂಬರುಗಳೇ. 6 ಅಂತೆ, 15 ಅಂತೆ, 13 ಅಂತೆ. ಯಾವುದರಲ್ಲಿ ಏರು ಕಡಿಮೆ, ಊಟ ತಿಂಡಿ ಹೇಗೆ, ಅಪ್ಪ ಶುದ್ಧ ಸಸ್ಯಾಹಾರಿ. ಮಾಡಿದವರು ದಯವಿಟ್ಟು ಹೇಳಿ.

ಹಳೇ ಹ್ಯಾಂಡಲ್ | ಮಾರ್ಚ್ 3

ಮೊದಲು ಒಂದು ಭ್ರಮೆ ಕಳಚಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯೂರೋವೆಲೋ 6 ಅಂತ ಯಾರೂ ಒಂದು ರಸ್ತೆ ಹಾಕಿಲ್ಲ. ಮೊದಲೇ ಇದ್ದ ದಾರಿಗಳನ್ನು ಒಂದಕ್ಕೊಂದು ಪೋಣಿಸಿ ಮೇಲೊಂದು ನಂಬರ್ ಅಂಟಿಸಿದ್ದಾರೆ ಅಷ್ಟೇ. ಬ್ರಸೆಲ್ಸ್‌ನಲ್ಲಿ ಯುರೋಪಿನ ಸೈಕಲ್ ಸವಾರರ ಒಕ್ಕೂಟ ಇದೆ, ಪೋಣಿಸುವ ಕೆಲಸ ಅವರದ್ದು. 1997ರಲ್ಲಿ 12 ದಾರಿ ಅಂತ ಶುರುವಾಯಿತು, ಈಗ 17. ಸಾಮಾನ್ಯವಾಗಿ ಬೆಸ ಸಂಖ್ಯೆ ಉತ್ತರ-ದಕ್ಷಿಣ, ಸಮ ಸಂಖ್ಯೆ ಪೂರ್ವ-ಪಶ್ಚಿಮ. 10 ಮತ್ತು 12 ಮಾತ್ರ ಸಮುದ್ರದ ಸುತ್ತ: ಒಂದು ಬಾಲ್ಟಿಕ್‌ಗೆ ಪ್ರದಕ್ಷಿಣೆ, ಇನ್ನೊಂದು ಉತ್ತರ ಸಮುದ್ರಕ್ಕೆ. 16, 18 ಹುಡುಕಬೇಡಿ, ಆ ನಂಬರಿನವು ಇಲ್ಲವೇ ಇಲ್ಲ.

ದಾರಿಯಲ್ಲಿ ನಿಮಗೆ ಕಾಣುವುದು ಬಿಳಿ ಹಲಗೆ, ಹಸಿರು ಅಕ್ಷರ, ಮುಂದಿನ ಊರಿನ ಹೆಸರು, ಎಷ್ಟು ಕಿಲೋಮೀಟರ್. (ಉತ್ತರ ರೈನ್-ವೆಸ್ಟ್‌ಫಾಲಿಯಾ ಕಡೆ ಹೋದರೆ ಅಕ್ಷರ ಕೆಂಪು.) ಅದರ ಕೆಳಗೆ ನೇತುಹಾಕಿದ ಚಿಕ್ಕ ಚೌಕಗಳಲ್ಲಿ ದಾರಿಯ ಗುರುತು. ಅಲ್ಲಿ 'ಡೊನೌರಾಡ್‌ವೇಗ್' ಅಂತ ಇರುತ್ತದೆ, ಅಂದರೆ ಡ್ಯಾನ್ಯೂಬ್ ಸೈಕಲ್ ದಾರಿ. ನೀಲಿ ಬಣ್ಣದಲ್ಲಿ ನಕ್ಷತ್ರದ ಉಂಗುರ, ನಡುವೆ 6 ಅನ್ನುವ ಚೌಕ ಇದ್ದರೆ ಇದ್ದೀತು, ಇಲ್ಲದಿದ್ದರೂ ಗಾಬರಿ ಬೇಡ. ದಾರಿಯಲ್ಲಿ ಸಿಕ್ಕ ಅಜ್ಜನನ್ನು "ಯೂರೋವೆಲೋ ಆರು ಎಲ್ಲಿ" ಅಂತ ಕೇಳಿದರೆ ಮುಖ ನೋಡುತ್ತಾರೆ. "ಡೊನೌರಾಡ್‌ವೇಗ್" ಅನ್ನಿ, ಕೈ ತೋರಿಸುತ್ತಾರೆ.

ಒಂದೇ ಗೇರು | ಮಾರ್ಚ್ 3

ಹಾಸನದೊಳಗೆ ಬಂದರೆ ಹೆದ್ದಾರಿ 75ನ್ನ ಎಲ್ಲರೂ ಬಿ.ಎಂ. ರೋಡ್ ಅನ್ನೋ ಹಾಗೆ.

ಹೇಮಾವತಿ ದಂಡೆ | ಮಾರ್ಚ್ 3

ಅರ್ಥ ಆಯ್ತು ಬಿಡಿ, ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ!

ಕುಡ್ಲದ ಬಂಗುಡೆ | ಮಾರ್ಚ್ 4

ಅಕ್ಕ, ನೀವು ಡ್ಯಾನ್ಯೂಬ್ ಎಲ್ಲ ಬಿಡಿ ಮಾರಾಯ್ರೆ, ರೈನಿಗೆ ಬನ್ನಿ. ಯೂರೋವೆಲೋ 15. ಸ್ವಿಟ್ಜರ್ಲೆಂಡಿನ ಆಲ್ಪ್ಸ್‌ನಲ್ಲಿ ಆಂಡರ್‌ಮಾಟ್ ಹತ್ತಿರ ಹುಟ್ಟಿದ ನೀರಿನ ಜೊತೆ ರಾಟರ್‌ಡ್ಯಾಮಿನ ಸಮುದ್ರದವರೆಗೆ ಹೋಗುವ ದಾರಿ. ನಾನು ಮೈನ್ಸ್‌ನಲ್ಲಿ ಇರುವುದು, ಬಿಂಗನ್‌ನಿಂದ ಕೋಬ್ಲೆನ್ಸ್‌ವರೆಗೆ ಎಷ್ಟು ಸಲ ಹೋಗಿದ್ದೇನೆ ಲೆಕ್ಕ ಇಲ್ಲ. ಎರಡೂ ಕಡೆ ದ್ರಾಕ್ಷಿ ಬೆಳೆದ ಕಡಿದಾದ ಗುಡ್ಡ, ಒಂದು ಕೋಟೆ ದಾಟಿದರೆ ಇನ್ನೊಂದು ಕೋಟೆ. 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ ಅದು. ಆದರೆ ರಸ್ತೆ ಮಾತ್ರ ನೀರಿನ ಪಕ್ಕದಲ್ಲೇ, ತಟ್ಟೆಯ ಹಾಗೆ ಸಪಾಟು. ಅಪ್ಪನಿಗೆ ತಳ್ಳುವ ಕೆಲಸವೇ ಇಲ್ಲ.

ಮತ್ತೊಂದು ಮಜಾ ಗೊತ್ತುಂಟಾ? ಮೈನ್ಸ್ ಬಿಟ್ಟರೆ ಕೋಬ್ಲೆನ್ಸ್‌ವರೆಗೆ ಹೊಳೆಗೆ ಒಂದು ಸೇತುವೆ ಇಲ್ಲ. ಆಚೆ ದಡಕ್ಕೆ ಹೋಗ್ಲಿಕ್ಕೆ ಫೆರಿಯೇ ಗತಿ. ಸೈಕಲ್ ತಳ್ಳಿಕೊಂಡು ಹತ್ತುವುದು, ಕಾರುಗಳ ನಡುವೆ ನಿಲ್ಲುವುದು, ಟಿಕೆಟ್ ಕೊಡುವವ ಬಂದು ಚಿಲ್ಲರೆ ತೆಗೆದುಕೊಂಡು ಹೋಗುವುದು. ನನಗೆ ಚಿಕ್ಕಂದಿನಲ್ಲಿ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ಹೋಗುತ್ತಿದ್ದದ್ದೇ ನೆನಪಾಗುವುದು.

ಮಾನ್‌ಹೈಮ್ ಕೂಡ ಇದೇ ದಾರಿಯಲ್ಲಿ ಸಿಗ್ತದೆ. 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬವ ಎರಡು ಚಕ್ರದ ಮರದ ಗಾಡಿ ಮೇಲೆ ಕೂತು, ಕಾಲಿಂದ ನೆಲ ಒದ್ದುಕೊಂಡು ಹೊರಟದ್ದು ಅಲ್ಲಿಂದಲೇ. ಪೆಡಲ್ ಇಲ್ಲ, ಚೈನ್ ಇಲ್ಲ. ಸೈಕಲಿನ ಮುತ್ತಜ್ಜ ಅದು. ಪೋಸ್ಟ್‌ಮ್ಯಾನ್ ಅಪ್ಪನಿಗೆ ತೋರಿಸದೆ ಕಳಿಸುವುದಾ?

ಹಳೇ ಹ್ಯಾಂಡಲ್ | ಮಾರ್ಚ್ 4

ಬಂಗುಡೆಯವರು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಆ ಕಣಿವೆಯಲ್ಲಿ ಹೊಳೆಯ ಎರಡೂ ದಡಕ್ಕೆ ರೈಲು ಹಳಿ. ರಾತ್ರಿಯೆಲ್ಲ ಗೂಡ್ಸ್. ಕೋಟೆ ನೋಡುತ್ತಾ ಮಲಗುವ ಕೋಣೆ ಅಂತ ಬುಕ್ ಮಾಡಿದರೆ ಮೂರು ಗಂಟೆಗೆ ಮಂಚ ನಡುಗುತ್ತದೆ. ಇನ್ನು ಮಾನ್‌ಹೈಮ್ ಎದುರು ದಡದ ಲುಡ್‌ವಿಗ್ಸ್‌ಹಾಫನ್ ಕಡೆ ಸಿಕ್ಕಿಕೊಂಡಿರೋ, ಕಿಲೋಮೀಟರ್‌ಗಟ್ಟಲೆ ರಾಸಾಯನಿಕ ಕಾರ್ಖಾನೆಯ ಪಕ್ಕವೇ ಸವಾರಿ.

ಮೊದಲ ಸಲದವರಿಗೆ ನನ್ನ ಓಟು 6ಕ್ಕೆ. ಪೂರ್ತಿ ದಾರಿ ಫ್ರಾನ್ಸಿನ ಅಟ್ಲಾಂಟಿಕ್ ದಂಡೆಯಿಂದ ರೊಮೇನಿಯಾದ ಕಪ್ಪು ಸಮುದ್ರದವರೆಗೆ, ಸುಮಾರು 4,450 ಕಿ.ಮೀ. ಬಾಸೆಲ್ ಕಡೆಯಿಂದ ರೈನ್ ಪಕ್ಕದಲ್ಲಿ ಬಂದು, ಬೋಡನ್ ಸರೋವರದ ಹತ್ತಿರ ರೈನಿಗೆ ಬೆನ್ನು ತಿರುಗಿಸಿ, ಗುಡ್ಡ ದಾಟಿ ಟುಟ್‌ಲಿಂಗನ್ ಬಳಿ ಡ್ಯಾನ್ಯೂಬ್ ಕಣಿವೆಗೆ ಇಳಿಯುತ್ತದೆ. (ಹೌದು, ಬಾಸೆಲ್‌ನಿಂದ ಸರೋವರದವರೆಗೆ 6 ಮತ್ತು 15 ಒಂದೇ ದಾರಿ. ಹೇಳಲಿಲ್ಲವೇ, ನಂಬರ್ ನಂಬಬೇಡಿ ಅಂತ.) ಅಲ್ಲಿಂದ ಬೊಯ್ರೋನ್, ಸಿಗ್ಮರಿಂಗನ್, ಉಲ್ಮ್, ಇಂಗೋಲ್‌ಸ್ಟಾಟ್, ರೇಗನ್ಸ್‌ಬುರ್ಗ್, ಪಾಸೌ. ಆಮೇಲೆ ಆಸ್ಟ್ರಿಯಾ.

ಆದರೆ ನೀವು ಟುಟ್‌ಲಿಂಗನ್‌ನಿಂದ ಶುರು ಮಾಡಬೇಡಿ, ಸ್ವಲ್ಪ ಹಿಂದೆ ಡೊನೌಎಶಿಂಗನ್‌ನಿಂದ ಹೊರಡಿ. ಬ್ರೆಗ್, ಬ್ರಿಗಾಖ್ ಅಂತ ಎರಡು ಹೊಳೆ ಕೂಡಿ ಡ್ಯಾನ್ಯೂಬ್ ಆಗುವ ಜಾಗ. ತುಂಗೆ, ಭದ್ರೆ ಕೂಡಿದಂತೆಯೇ, ಕೂಡಿದ ಮೇಲೆ ಹೆಸರು ಬೇರೆ. ಅಲ್ಲಿಂದ ಪಾಸೌವರೆಗೆ ಸುಮಾರು 600 ಕಿ.ಮೀ., ಹತ್ತು ದಿನಕ್ಕೆ ಸರಿಯಾಗುತ್ತದೆ. ಹೊಳೆ ಹರಿಯುವ ಕಡೆಗೇ ನೀವೂ ಹೋಗುತ್ತೀರಿ, ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಬೆನ್ನಿಗೆ ಬೀಳುತ್ತದೆ. 66 ವರ್ಷದ ಕಾಲಿಗೆ ಗೇರಿಗಿಂತ ಇದು ದೊಡ್ಡ ಸಹಾಯ.

ಧಾರವಾಡ ಪೇಢೆ | ಮಾರ್ಚ್ 5

ಏನ್ರಿ ಇದು, ಎಲ್ಲಾರೂ ನದಿ ನದಿ ಅಂತೀರಿ. ಹೊಳಿ ದಂಡಿ ಮ್ಯಾಲೆ ಮೂರು ದಿನ ಹೋದ್ರ ನಾಲ್ಕನೇ ದಿನ ಬ್ಯಾಸರ ಬರ್ತದ. ಎಡಕ್ಕ ನೀರು, ಬಲಕ್ಕ ಜೋಳ. ಮತ್ತ ಎಡಕ್ಕ ನೀರು.

13 ಯಾರೂ ಹೇಳಲಿಲ್ಲ. ಕಬ್ಬಿಣದ ಪರದೆ, ಅಂದ್ರ ಕಮ್ಯುನಿಸ್ಟ್ ಪೂರ್ವ ಯುರೋಪು ಮತ್ತ ಪಶ್ಚಿಮ ಯುರೋಪು ನಡುವ ಇದ್ದ ಕಾವಲು ಗಡಿ, ಅದರಗುಂಟ ಹೋಗೂ ದಾರಿ. ಉತ್ತರದಾಗ ನಾರ್ವೆ-ರಷ್ಯಾ ಗಡಿಯಿಂದ ಬಲ್ಗೇರಿಯಾದ ಕಪ್ಪು ಸಮುದ್ರದ ತನಕ, 20 ದೇಶ, ಸುಮಾರು 10,000 ಕಿ.ಮೀ. ಮಿಖಾಯೆಲ್ ಕ್ರಾಮರ್ ಅಂತ ಜರ್ಮನಿಯ ಗ್ರೀನ್ ಪಕ್ಷದ ಯುರೋಪ್ ಸಂಸದರು ಇದರ ಬೆನ್ನು ಹತ್ತಿ ಮಾಡಿಸಿದ್ರು. ಜರ್ಮನಿಯೊಳಗ ಪೂರ್ವ-ಪಶ್ಚಿಮ ನಡುವಿನ ಹಳೇ ಗಡಿನ ಸುಮಾರು 1,400 ಕಿ.ಮೀ. ಇತ್ತು. ಈಗ ಅಲ್ಲಿ ಬೇಲಿ ಇಲ್ಲ. ಮನಷಾರು ನಲವತ್ತು ವರ್ಷ ಕಾಲಿಡದ ಜಾಗ, ಹಂಗಾಗಿ ಕಾಡು ಬೆಳದದ. 'ಹಸಿರು ಪಟ್ಟಿ' ಅಂತಾರ.

ರಸ್ತೆ ಗಡಿ ದಾಟೂ ಜಾಗದಾಗ ಕಂದು ಬಣ್ಣದ ಬೋರ್ಡ್ ಇರ್ತದ. "ಇಲ್ಲಿ ಜರ್ಮನಿ ಮತ್ತು ಯುರೋಪು ಎರಡು ಪಾಲಾಗಿದ್ದವು" ಅಂತ ಬರದು, 1989ರ ಯಾವ ತಾರೀಖು, ಎಷ್ಟು ಗಂಟೆ ತನಕ ಅನ್ನೂದನ್ನೂ ಹಾಕಿರ್ತಾರ. ಒಂದೊಂದು ಊರಿಗೆ ಒಂದೊಂದು ತಾರೀಖು, ಯಾಕಂದ್ರ ಬೇಲಿ ಎಲ್ಲಾ ಕಡೆ ಒಂದೇ ದಿನ ತೆಗಿಲಿಲ್ಲ. ನಾ ಅಂಥ ಬೋರ್ಡ್ ಕಂಡಲ್ಲೆಲ್ಲಾ ಇಳದು ಓದೀನಿ. ಗಂಟೆ ಓದೂವಾಗ ಮೈ ಝುಂ ಅಂತದ್ರಿ.

ಬವೇರಿಯಾ-ತುರಿಂಗಿಯಾ ನಡುವ ಮೋಡ್ಲಾರೊಯ್ಟ್ ಅಂತ ಹಳ್ಳಿ. ಐವತ್ತು ಮಂದಿನೂ ಇಲ್ಲ. ನಡುವ ಒಂದು ಹಳ್ಳ, ದಾಟಿದ್ರ ಕಾಲು ತೋಯೂದಿಲ್ಲ ಅಷ್ಟು ಸಣ್ಣದು. ಅದರ ದಂಡಿಗುಂಟ 1966ರಾಗ ಗೋಡಿ ಕಟ್ಟಿದ್ರು. ಅಮೆರಿಕದ ಸೈನಿಕರು 'ಲಿಟ್ಲ್ ಬರ್ಲಿನ್' ಅಂತಿದ್ರಂತ. ಗೋಡಿದು ಒಂದು ತುಂಡು ಹಂಗ ಉಳಿಸ್ಯಾರ. ಇವತ್ತಿಗೂ ಅರ್ಧ ಹಳ್ಳಿ ಒಂದು ರಾಜ್ಯ, ಅರ್ಧ ಇನ್ನೊಂದು, ಪಿನ್‌ಕೋಡ್ ಸೈತ ಬ್ಯಾರೆ. ನಿಮ್ಮ ಅಪ್ಪಾರು ಟಪಾಲ್ ಖಾತೆದವ್ರು ಅಂದ್ರಲ್ಲ ಅಕ್ಕಾರ, ಅವರಿಗೆ ಇದು ತಿಳೀತದ.

ಹೇಮಾವತಿ ದಂಡೆ | ಮಾರ್ಚ್ 5

ಪೇಢೆಯವರೇ, ಓದಿ ಹೋಗಲೇಬೇಕು ಅನ್ನಿಸಿತು. ಪಿನ್‌ಕೋಡ್ ವಿಚಾರ ಅಪ್ಪನಿಗೆ ಫೋನಿನಲ್ಲಿ ಹೇಳಿದೆ, "ಬಟವಾಡೆ ಯಾವ ಆಫೀಸಿನಿಂದ?" ಅಂತ ಕೇಳಿದರು! ಆದರೆ ರಸ್ತೆ ಹೇಗಿದೆ? ಮ್ಯಾಪಿನಲ್ಲಿ ಏರಿಳಿತ ಗರಗಸದ ಹಲ್ಲಿನ ಹಾಗೆ ಕಾಣುತ್ತಿದೆ.

ಧಾರವಾಡ ಪೇಢೆ | ಮಾರ್ಚ್ 5

ಸುಳ್ಳು ಹೇಳಂಗಿಲ್ರಿ. ರೋಣ್ ಗುಡ್ಡ, ತುರಿಂಗಿಯಾ ಕಾಡು, ಅಲ್ಲೆಲ್ಲಾ ಏರು ಭಾಳ ಅದ. ಅದಕ್ಕಿಂತ ದೊಡ್ಡ ತ್ರಾಸ ಏನಂದ್ರ ಗಡಿ ಕಾಯೂ ಗಾಡಿಗೋಳಿಗೆ ಹಾಕಿದ ಕಾಂಕ್ರೀಟ್ ಹಲಗಿ. ಎರಡು ಸಾಲು, ಒಂದೊಂದು ಹಲಗ್ಯಾಗೂ ಸಾಲಾಗಿ ಚೌಕ ತೂತು, ತೂತಿನಾಗ ಹುಲ್ಲು. ಅಧಿಕೃತ ದಾರಿ ಬಹುತೇಕ ಅದನ್ನ ಬಿಟ್ಟು ಪಕ್ಕದ ರಸ್ತೆ ಹಿಡೀತದ, ಆದ್ರ ನನ್ನಂಥ ಹುಂಬ ಗಡಿಗುಂಟನ ಹೋಗ್ತೀನಿ ಅಂತ ಅದರ ಮ್ಯಾಲೆ ಇಳಿಸಿದೆ. ಎರಡು ಕಿಲೋಮೀಟರ್‌ನಾಗ ಬಾಟ್ಲಿ ಹಾರಿ ಬಿತ್ತು, ಕ್ಯಾರಿಯರ್ ಸ್ಕ್ರೂ ಸಡಿಲ ಆತು, ಹಲ್ಲು ಕಟಕಟ. ಕಡೀಕ ತಳ್ಳಿಕೊಂಡೇ ಹೋದೆ.

ಅಪ್ಪಾರ ಕೂಡ ಮೊದಲ ಸಲಕ್ಕ ಬ್ಯಾಡ. ನಾ ಸೋತೆ ಅಂತ ಅಲ್ಲ ಮತ್ತ! ಮೋಡ್ಲಾರೊಯ್ಟ್ ಬೇಕಾದ್ರ ಒಂದಿನ ಕಾರಿನಾಗ ಹೋಗಿ ಬರ್ರಿ.

ಮಳೆಬಿಲ್ಲು ಕೊಡೆ | ಮಾರ್ಚ್ 6

ನೀವೆಲ್ಲ ಇತಿಹಾಸ ಭೂಗೋಳ ಮುಗಿಸಿದ್ರಿ, ಹೊಟ್ಟೆ ವಿಚಾರ ನಾನು ಹೇಳ್ತೀನಿ. ಡ್ಯಾನ್ಯೂಬ್‌ನ ಒಬ್ಬಳೇ ಎರಡು ಸಲ ಮಾಡಿದ್ದೀನಿ, ಒಂದು ಸಲ ಅಮ್ಮನ ಜೊತೆ.

ಭಾನುವಾರ. ಇದೊಂದು ಮರೆತರೆ ಕೆಟ್ಟಿರಿ. ಅಂಗಡಿ ಪೂರ್ತಿ ಬಂದ್. ಬೇಕರಿ ಬೆಳಗ್ಗೆ ಸ್ವಲ್ಪ ಹೊತ್ತು ತೆಗೆದಿರತ್ತೆ, ಅಷ್ಟೇ. ಶನಿವಾರ ಸಂಜೆಯೇ ಬ್ರೆಡ್ಡು, ಮೊಸರು, ಬಾಳೆಹಣ್ಣು ಕಟ್ಟಿಕೊಳ್ಳಿ. ಜೂನ್‌ನಲ್ಲಿ ಅಲ್ಲೆಲ್ಲ ಚರ್ಚಿನ ಹಬ್ಬದ ರಜೆಗಳೂ ಬರ್ತವೆ, ಒಂದೊಂದು ರಾಜ್ಯಕ್ಕೆ ಒಂದೊಂದು, ಕ್ಯಾಲೆಂಡರ್ ನೋಡಿಕೊಂಡು ಹೊರಡಿ.

ಸಸ್ಯಾಹಾರ: ಹಳ್ಳಿ ಹೋಟೆಲ್‌ನಲ್ಲಿ ಕೇಸ್‌ಶ್ಪೆಟ್ಸ್‌ಲೆ ಅಂತ ಸಿಗತ್ತೆ, ಮೊಟ್ಟೆ ಹಾಕಿದ ಹಿಟ್ಟಿನ ಶ್ಯಾವಿಗೆ ತುಂಡು ತುಂಡು ಮಾಡಿ ಚೀಸ್ ಸುರಿದ ಹಾಗೆ. ಮೇಲೆ ಹುರಿದ ಈರುಳ್ಳಿ. ಎರಡು ದಿನ ಚೆನ್ನಾಗಿರತ್ತೆ, ಮೂರನೇ ದಿನ ಅಮ್ಮ ತಟ್ಟೆ ದೂಡಿದರು. ಹಂದಿ ಕೊಬ್ಬಿನ ತುಂಡು ಉದುರಿಸೋ ಅಭ್ಯಾಸ ಕೆಲವು ಕಡೆ ಇದೆ, "ಓನೆ ಶ್ಪೆಕ್" ಅಂತ ಬಾಯಿಬಿಟ್ಟು ಹೇಳಿ. ಸಣ್ಣ ಪಟ್ಟಣದಲ್ಲೂ ಟರ್ಕಿಯವರ ಅಂಗಡಿ ಇರತ್ತೆ, ಫಲಾಫೆಲ್ ನಮ್ಮ ಆಂಬೊಡೆಗೆ ದೂರದ ನೆಂಟ. ನಾನು ಹ್ಯಾಂಡಲ್ ಚೀಲದಲ್ಲಿ ಗಟ್ಟಿ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇಟ್ಟಿದ್ದೆ. ಹೊಳೆ ದಂಡೆ ಬೆಂಚಿನ ಮೇಲೆ ಅವಲಕ್ಕಿ ನೆನೆಸಿ ಗೊಜ್ಜು ಕಲಸಿದರೆ ಐದು ನಿಮಿಷ.

ನೀರು: ಹಳ್ಳಿ ಸ್ಮಶಾನದಲ್ಲಿ ಗಿಡಕ್ಕೆ ಹಾಕೋ ನಲ್ಲಿ ಇರತ್ತೆ. ಸ್ಮಶಾನದ ನೀರಾ ಅಂತ ಅಪ್ಪ ಮೂಗು ಮುರಿಯಬಹುದು, ಇಲ್ಲಿ ಸೈಕಲ್‌ನವರು ಬಾಟಲ್ ತುಂಬಿಸಿಕೊಳ್ಳೋದು ಮಾಮೂಲು. "ಕೈನ್ ಟ್ರಿಂಕ್‌ವಾಸರ್" ಅಂತ ಬೋರ್ಡ್ ಇದ್ದರೆ ಮಾತ್ರ ಕುಡೀಬೇಡಿ.

ವಸತಿ: ಸೈಕಲ್ ಸವಾರರ ಸಂಘ ಎಡಿಎಫ್‌ಸಿಯವರ 'ಬೆಟ್ ಪ್ಲಸ್ ಬೈಕ್' ಫಲಕ ಇರೋ ಮನೆ, ಹೋಟೆಲ್ ಹುಡುಕಿ. ಒಂದೇ ರಾತ್ರಿಗೂ ಕೊಡ್ತಾರೆ, ಸೈಕಲ್‌ಗೆ ಬೀಗದ ಕೋಣೆ ಇರತ್ತೆ, ಒದ್ದೆ ಬಟ್ಟೆ ಒಣಗಿಸೋಕೆ ಜಾಗ ಇರತ್ತೆ. ಕಾಡಲ್ಲಿ ಟೆಂಟ್ ಹೊಡೆಯೋ ಯೋಚನೆ ಬೇಡ, ಇಲ್ಲಿ ಅದಕ್ಕೆ ಅನುಮತಿ ಇಲ್ಲ.

ಮರೆತಿದ್ದೆ, ಇದು ಮುಖ್ಯ. ಬಾಡಿಗೆ ಸೈಕಲ್ ತಗೊಳ್ಳುವಾಗ ಹಿಂದಕ್ಕೆ ತುಳಿದರೆ ಬ್ರೇಕ್ ಬೀಳೋ ಸೈಕಲ್ಲಾ ಅಂತ ಕೇಳಿ. ಇಲ್ಲಿ ಅಂಥವು ಬಹಳ. ನಮ್ಮೂರಲ್ಲಿ ನಿಂತಾಗ ಪೆಡಲ್ ಹಿಂದಕ್ಕೆ ತಿರುಗಿಸಿ ಕಾಲಿಗೆ ಸರಿ ಮಾಡಿಕೊಳ್ಳೋ ಅಭ್ಯಾಸ ಇದೆಯಲ್ಲ, ಇದರಲ್ಲಿ ಹಾಗೆ ಮಾಡಿದರೆ ಚಕ್ರ ಗಕ್ಕನೆ ಹಿಡಿಯತ್ತೆ.

ಒಂದೇ ಗೇರು | ಮಾರ್ಚ್ 6

ಇ-ಬೈಕ್ ಕೊಡಿಸಿ ಬಿಡಿ, ಎಲ್ಲ ಚರ್ಚೆ ಮುಗೀತು. 25 ಕಿ.ಮೀ. ವೇಗದವರೆಗೆ ಮೋಟರ್ ಸಹಾಯ, ಲೈಸೆನ್ಸ್ ಬೇಡ, ಸೈಕಲ್ ದಾರಿಯಲ್ಲೇ ಹೋಗಬಹುದು.

ಹೇಮಾವತಿ ದಂಡೆ | ಮಾರ್ಚ್ 6

ಕೇಳಿದೆ. "ತುಳಿಯೋಕಾಗದಿದ್ದ ದಿನ ಮನೇಲಿ ಕೂತ್ಕತೀನಿ" ಅಂದರು.

ಹಳೇ ಹ್ಯಾಂಡಲ್ | ಮಾರ್ಚ್ 7

ಅಪ್ಪನವರ ಕಡೆ ನಾನು. ಅಷ್ಟಲ್ಲದೆ ಇ-ಬೈಕಿನ ತೂಕ ರೈಲ್ವೆ ಮೆಟ್ಟಿಲಲ್ಲಿ ಗೊತ್ತಾಗುತ್ತದೆ. ನನ್ನ ಕಥೆ: ಒಂದು ನಿಲ್ದಾಣ, ಹೆಸರು ಬೇಡ, ಲಿಫ್ಟ್ ಕೆಟ್ಟಿತ್ತು. ಗೆಳೆಯನ ಇ-ಬೈಕು, ನನ್ನ ಸೈಕಲ್ಲು, ನಾಲ್ಕು ಚೀಲ, ಕೆಳಗಿಳಿಸಿ ಮೇಲೆ ಹತ್ತಿಸುವಷ್ಟರಲ್ಲಿ ನಮ್ಮ ರೈಲಿನ ಹಿಂದಿನ ದೀಪ ಕಂಡಿತು.

ರೈಲಿನ ವಿಚಾರ ಇಷ್ಟು ನೆನಪಿಡಿ. ದೂರದ ವೇಗದ ರೈಲಿನಲ್ಲಿ ಸೈಕಲ್ಲಿಗೂ ಸೀಟು ಕಾಯ್ದಿರಿಸಲೇಬೇಕು, ಜಾಗ ಬೆರಳೆಣಿಕೆ, ಬೇಸಿಗೆಯಲ್ಲಿ ಬೇಗ ಮುಗಿಯುತ್ತದೆ. ಪ್ರಾದೇಶಿಕ ರೈಲಿನಲ್ಲಿ ಕಾಯ್ದಿರಿಸುವ ಗೋಜಿಲ್ಲ, ಜಾಗ ಇದ್ದರೆ ಹತ್ತುವುದು. ನಿಮ್ಮ ಡಾಯ್ಚ್‌ಲಾಂಡ್ ಟಿಕೆಟ್ (ಪ್ರಾದೇಶಿಕ ರೈಲು, ಬಸ್ಸಿನ ತಿಂಗಳ ಪಾಸ್) ನಿಮಗೆ ಮಾತ್ರ, ಸೈಕಲ್ಲಿಗಲ್ಲ. ಸೈಕಲ್ ಟಿಕೆಟ್ ನಿಯಮ ರಾಜ್ಯಕ್ಕೊಂದು, ಬೆಳಗಿನ ಹೊತ್ತಿಗೊಂದು. ವಾರಾಂತ್ಯದಲ್ಲಿ, ಬಿಸಿಲಿದ್ದ ದಿನ, ಆ ಸೈಕಲ್ ಡಬ್ಬಿ ನಮ್ಮ ಜಾತ್ರೆ ಬಸ್ಸೇ. ಮಂಗಳವಾರ, ಬುಧವಾರ ಹೊರಡಿ.

ಯಾರೋ ನನಗೆ ಖಾಸಗಿಯಾಗಿ ಕೇಳಿದ್ದಾರೆ, 6ನ್ನೇ ಹಿಡಿದು ಕಪ್ಪು ಸಮುದ್ರದವರೆಗೆ ಭಾರತದ ಪಾಸ್‌ಪೋರ್ಟಿನಲ್ಲಿ ಹೋಗಬಹುದಾ ಅಂತ. ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ, ಎಲ್ಲ ಶೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ದೇಶಗಳ ಗುಂಪು. ಕ್ರೊಯೇಷಿಯಾ 2023ರಿಂದ ಸೇರಿದೆ. ಸೆರ್ಬಿಯಾ ಹೊರಗೆ. ಆಮೇಲಿನ ರೊಮೇನಿಯಾ, ಬಲ್ಗೇರಿಯಾ 2025ರ ಜನವರಿ 1ರಿಂದ ಪೂರ್ತಿ ಒಳಗೆ. ಅಂದರೆ ನಡುವೆ ಒಮ್ಮೆ ಹೊರಬಿದ್ದು ಮತ್ತೆ ಒಳಬರಬೇಕು, ಒಂದೇ ಪ್ರವೇಶದ ವೀಸಾ ಇದ್ದವರಿಗೆ ಕತೆ ಬುಡಾಪೆಸ್ಟ್ ಆಚೆಗೆ ಕೆಡುತ್ತದೆ. 180 ದಿನದಲ್ಲಿ 90 ದಿನದ ಲೆಕ್ಕವೂ ಇದೆ.

ಹೇಮಾವತಿ ದಂಡೆ | ಮಾರ್ಚ್ 9

ನಿರ್ಧಾರ ಮಾಡಿದೆವು. ಡ್ಯಾನ್ಯೂಬ್. ಡೊನೌಎಶಿಂಗನ್‌ನಿಂದ ಪಾಸೌ, ದಿನಕ್ಕೆ 65-70 ಕಿ.ಮೀ., ನಡುವೆ ಉಲ್ಮ್‌ನಲ್ಲಿ ಒಂದು ದಿನ ವಿಶ್ರಾಂತಿ. ವೆಲ್ಟನ್‌ಬುರ್ಗ್ ಮಠದಿಂದ ಕೆಲ್‌ಹೈಮ್‌ವರೆಗೆ ಬಂಡೆಗಳ ನಡುವೆ ದೋಣಿಯಲ್ಲಿ. ಬಂಗುಡೆಯವರೇ, ಕ್ಷಮಿಸಿ.

ಕುಡ್ಲದ ಬಂಗುಡೆ | ಮಾರ್ಚ್ 9

ಪರವಾಗಿಲ್ಲ ಅಕ್ಕ. ರೈನ್ ಎಲ್ಲಿಗೂ ಹೋಗುವುದಿಲ್ಲ.

ಹಳೇ ಹ್ಯಾಂಡಲ್ | ಮಾರ್ಚ್ 9

ಇಮ್ಮೆಂಡಿಂಗನ್ ದಾಟಿದ ಮೇಲೆ ಹೊಳೆ ನೋಡಿಕೊಂಡು ಹೋಗಿ. ಬೇರೇನೂ ಹೇಳುವುದಿಲ್ಲ.

ಹೇಮಾವತಿ ದಂಡೆ | ಜೂನ್ 24

ನೆನಪಿದೆಯಾ? ನಿನ್ನೆ ಹೊರಟೆವು. ಎರಡನೇ ದಿನವೇ ಯೋಜನೆ ಮಣ್ಣುಪಾಲು. ವಿವರವಾಗಿ ಬರೆಯುತ್ತೇನೆ, ಕಾಲು ನೀವಿಕೊಳ್ಳುತ್ತಾ ಕೂತಿದ್ದೇನೆ, ಬೇರೆ ಕೆಲಸವಿಲ್ಲ.

ಮೊದಲು ಬ್ರೇಕು. ಮಳೆಬಿಲ್ಲು ಅಕ್ಕ ಹೇಳಿದ್ದನ್ನು ಅಂಗಡಿಯಲ್ಲಿ ಕೇಳಿಯೇ ತಗೊಂಡೆ. "ಇಲ್ಲ, ಮಾಮೂಲಿ ಬ್ರೇಕ್" ಅಂದರು. ಅಪ್ಪ ಹತ್ತಿದರು, ಅಂಗಡಿ ಅಂಗಳ ದಾಟಿದರು, ಸಿಗ್ನಲ್‌ನಲ್ಲಿ ನಿಧಾನ ಮಾಡುತ್ತಾ ಪೆಡಲ್ ಹಿಂದಕ್ಕೆ ತಿರುಗಿಸಿದರು, ಧೊಪ್. ಮಾಮೂಲಿ ಅಂದರೆ ಇಲ್ಲಿ ಅದೇ ಮಾಮೂಲಿ ಅಂತ ಆಮೇಲೆ ಗೊತ್ತಾಯಿತು. ಮೊಣಕೈ ತರಚಿತು, ಅಷ್ಟೇ. ಅಪ್ಪ ಎದ್ದು ಮಣ್ಣು ಕೊಡವಿಕೊಂಡು ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿ, ಹಿಂದಿನ ಚಕ್ರ ಕೈಯಲ್ಲಿ ಮುಂದಕ್ಕೆ ಹಿಂದಕ್ಕೆ ಹತ್ತು ಸಲ ತಿರುಗಿಸಿ ನೋಡಿದರು. "ಒಳಗೇ ಇಟ್ಟವ್ರೆ ಬ್ರೇಕ್ ಕಟ್ಟೆ. ಮಳೇಲಿ ನೆನೆಯಲ್ಲ. ಜಾಣರು." ಬದಲಾಯಿಸೋಣ ಅಂದರೆ ಒಪ್ಪಲಿಲ್ಲ.

ಡೊನೌಎಶಿಂಗನ್ ಆಚೆ ಒಂದು ಹಳ್ಳಿಯಲ್ಲಿ ಹಳದಿ ಸೈಕಲ್ಲಿನ ಪೋಸ್ಟ್‌ಮ್ಯಾನ್ ಎದುರಾದರು. ಹೆಂಗಸು, ಐವತ್ತರ ಹತ್ತಿರ ಇರಬಹುದು. ಅಪ್ಪ ನಿಂತೇಬಿಟ್ಟರು. ನಾನು ಜರ್ಮನ್‌ನಲ್ಲಿ ಹೇಳಿದೆ, ಇವರೂ ಇದೇ ಕೆಲಸ, ಮೂವತ್ತು ವರ್ಷ ಅಂತ. ಆಕೆ ಕೈ ಕೊಟ್ಟರು. ಅಪ್ಪ ಮುಂದಿನ ಪೆಟ್ಟಿಗೆಯಲ್ಲಿ ಕಾಗದ ಜೋಡಿಸಿದ ಕ್ರಮ ನೋಡಿದರು, ನಿಲ್ಲಿಸಿದಾಗ ಮುಂದೆ ಭಾರವಿದ್ದರೂ ಬೀಳದ ಎರಡು ಕಾಲಿನ ಸ್ಟ್ಯಾಂಡ್ ಬಗ್ಗಿ ನೋಡಿದರು. "ನಾಯಿ ಕಾಟ ಇದೆಯಾ ಕೇಳು" ಅಂದರು. ಆಕೆ ನಕ್ಕು ಪ್ಯಾಂಟ್ ಸ್ವಲ್ಪ ಎತ್ತಿ ಮೀನಖಂಡದ ಮೇಲಿನ ಹಳೇ ಗಾಯ ತೋರಿಸಿದರು. ಅಪ್ಪ ಪಂಚೆ ಉಟ್ಟಿದ್ದರೆ ತಮ್ಮದನ್ನೂ ತೋರಿಸುತ್ತಿದ್ದರು. ಪ್ಯಾಂಟ್ ಬಿಗಿ ಇತ್ತು.

ಇನ್ನು ಇಮ್ಮೆಂಡಿಂಗನ್. ಹಳೇ ಹ್ಯಾಂಡಲ್ ಸರ್, ಮೊದಲೇ ಹೇಳಬಾರದಿತ್ತಾ! ಹೊಳೆ ಪಕ್ಕದಲ್ಲೇ ಹೋಗುತ್ತಿದ್ದೇವೆ, ನೀರು ಕಮ್ಮಿ ಆಗುತ್ತಾ ಬಂತು. ಸದ್ದು ನಿಂತಿತು. ನೋಡಿದರೆ ಹೊಳೆಯೇ ಇಲ್ಲ. ಬರೀ ಬಿಳಿ ಕಲ್ಲು. ದಡ ಇದೆ, ಮರ ಬಾಗಿವೆ, ನೀರಿಲ್ಲ. ಅಪ್ಪ ಸೈಕಲ್ ನಿಲ್ಲಿಸಿ ಪಾತ್ರದೊಳಗೆ ಇಳಿದರು. ಮೇಲಿನಿಂದ ಬಂದ ಕೊನೇ ನೀರು ಒಂದು ಕಡೆ ಕಲ್ಲಿನ ಸಂದಿಯಲ್ಲಿ ಸಣ್ಣಗೆ ಸುತ್ತುತ್ತಾ ಒಳಗಿಳಿಯುತ್ತಿತ್ತು, ಬಚ್ಚಲ ತೂಬಿನ ಹಾಗೆ. ಕುಕ್ಕರುಗಾಲಲ್ಲಿ ಕೂತು ಕಿವಿಗೊಟ್ಟು ಕೇಳಿದರು. ಕೆಳಗೆ ಗುಳುಗುಳು ಅನ್ನುತ್ತಿದೆ ಅಂದರು. ನನಗೆ ಕೇಳಿಸಲಿಲ್ಲ.

ಅಲ್ಲಿದ್ದ ಫಲಕ ಓದಿ ಹೇಳಿದೆ. ಸುಣ್ಣಕಲ್ಲಿನ ನೆಲ, ನೀರು ಒಳಗಿನ ಬಿರುಕುಗಳಲ್ಲಿ ಇಳಿದು ಸುಮಾರು 12 ಕಿಲೋಮೀಟರ್ ಆಚೆ ಆಖ್ ಅನ್ನುವ ಊರಲ್ಲಿ ಬುಗ್ಗೆಯಾಗಿ ಮೇಲೇಳುತ್ತದೆ. 1877ರಲ್ಲಿ ಬಣ್ಣ ಸುರಿದು ನೋಡಿದರಂತೆ, ಸುಮಾರು 60 ಗಂಟೆ ಕಳೆದ ಮೇಲೆ ಅಲ್ಲಿ ಹಸಿರು ನೀರು ಬಂತು. ಆ ನೀರು ಬೋಡನ್ ಸರೋವರಕ್ಕೆ, ಅಲ್ಲಿಂದ ರೈನಿಗೆ. ಕಪ್ಪು ಸಮುದ್ರಕ್ಕೆ ಹೊರಟ ನೀರು ಉತ್ತರ ಸಮುದ್ರಕ್ಕೆ ಹೋಗುತ್ತದೆ.

ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಹಂಗಾರೆ ನಾವು ಯಾಕೆ ಖಾಲಿ ಹೊಳೆ ಹಿಂದೆ ಹೋಗೋದು? ನೀರು ಎಲ್ಲಿಗೆ ಹೋಯ್ತೋ ಅಲ್ಲಿಗೆ ಹೋಗಾಣ. ವಿಳಾಸ ಬದಲಾದ್ರೆ ಕಾಗದ ಹೊಸಾ ವಿಳಾಸಕ್ಕೆ ತಾನೇ ಕೊಡೋದು" ಅಂದರು.

ಮುಂದೆ ಟುಟ್‌ಲಿಂಗನ್‌ನಲ್ಲಿ ಮತ್ತೆ ನೀರು ಸೇರಿಕೊಳ್ಳುತ್ತದೆ, ಮುಂಗಡ ಕೊಟ್ಟ ಕೋಣೆಗಳಿವೆ ಅಂತ ಹೇಳಿ ನೋಡಿದೆ. ಕೇಳಲಿಲ್ಲ. ಗುಡ್ಡ ಹತ್ತಿದೆವು, ಅಪ್ಪ ಅರ್ಧ ದಾರಿ ತಳ್ಳಿದರು, ನಾನೂ ತಳ್ಳಿದೆ. ಸಂಜೆ ಆಖ್ ಮುಟ್ಟಿದೆವು. ಮರಗಳ ನಡುವೆ ಕೆರೆಯಂಥ ಜಾಗ, ನೀಲಿ ಹಸಿರು ನೀರು ತಳದಿಂದ ಉಕ್ಕಿ ಉಕ್ಕಿ ಬರುತ್ತದೆ, ಸದ್ದಿಲ್ಲ. ಅಲ್ಲೇ ಹೊಳೆಯಾಗಿ ಹೊರಡುತ್ತದೆ. ಅಪ್ಪ ಕೈಕಾಲು ಮುಖ ತೊಳೆದುಕೊಂಡು ಅವಲಕ್ಕಿ ನೆನೆಸಲು ಅದೇ ನೀರು ತಂದರು. ಕುಡಿಯಬಹುದೋ ಇಲ್ಲವೋ ಫಲಕ ಕಾಣಲಿಲ್ಲ, ನಾನು ತಡೆದೆ. ಬೈಗುಳ ತಿಂದೆ.

ಈಗ ಪ್ರಶ್ನೆ ಬಂಗುಡೆಯವರಿಗೆ. ನಾಳೆ ರಾಡೋಲ್ಫ್‌ಸೆಲ್, ಸರೋವರ. ಅಲ್ಲಿಂದ ಶಾಫ್‌ಹೌಸನ್ ಜಲಪಾತ ನೋಡಿ ಬಾಸೆಲ್‌ವರೆಗೆ ರೈನ್ ಪಕ್ಕ ಹೋಗುವುದಾದರೆ ಯಾವ ದಡ ಒಳ್ಳೇದು?

ಕುಡ್ಲದ ಬಂಗುಡೆ | ಜೂನ್ 24

ನಾನು ಮಾರ್ಚಿನಲ್ಲೇ ಹೇಳಿದ್ದಲ್ವಾ ಮಾರಾಯ್ರೆ!!! ಅಪ್ಪನಿಗೆ ನನ್ನ ಕಡೆಯಿಂದ ದೊಡ್ಡ ನಮಸ್ಕಾರ ಹೇಳಿ. ಜಲಪಾತ 23 ಮೀಟರ್ ಎತ್ತರ ಅಷ್ಟೇ, ಜೋಗ ನೋಡಿದವರಿಗೆ ಎತ್ತರ ಲೆಕ್ಕಕ್ಕಿಲ್ಲ, ಆದರೆ ಅಗಲ 150 ಮೀಟರ್ ಉಂಟು. ಜೂನ್‌ನಲ್ಲಿ ಮೇಲಿನ ಹಿಮ ಕರಗಿ ನೀರು ಜಾಸ್ತಿ. ಹತ್ತಿರ ಹೋದರೆ ಕೆಳಗೆ ನೆಲ ಅಲ್ಲಾಡುವ ಹಾಗೆ ಆಗ್ತದೆ. ಸ್ಟೈನ್ ಆಮ್ ರೈನ್‌ನಲ್ಲಿ ಗೋಡೆಗೆ ಚಿತ್ರ ಬರೆದ ಮನೆಗಳು, ನಿಂತು ನೋಡಿ. ದಡ ಯಾವುದಾದರೂ ಆಗ್ತದೆ, ಗಡಿ ಹೇಗೂ ಅತ್ತಿತ್ತ ಓಡಾಡ್ತಾ ಇರ್ತದೆ.

ಹಳೇ ಹ್ಯಾಂಡಲ್ | ಜೂನ್ 24

ಸ್ವಿಸ್ ಕಡೆ ಹೋದರೆ ಫಲಕ ಕೆಂಪು, ಅದರಲ್ಲಿ ನಂಬರ್ 2 ಅಂತ ಇರುತ್ತದೆ. ಅದು ಅವರ ದೇಶದ ರೈನ್ ದಾರಿಯ ನಂಬರು. ಯೂರೋವೆಲೋ 2 ಅಂತ ತಿಳಿದು ಗಾಬರಿಯಾಗಬೇಡಿ, ಅದು ಐರ್ಲೆಂಡಿನಿಂದ ಬರ್ಲಿನ್ ಕಡೆ ಹೋಗುವ ಬೇರೆ ದಾರಿ. ನಿಮ್ಮ ಚಕ್ರದ ಕೆಳಗಿನದು ಸ್ವಿಸ್ 2, ಯೂರೋವೆಲೋ 15, ಮತ್ತೆ ಯೂರೋವೆಲೋ 6 ಕೂಡ. ನೀವು 6 ಬಿಟ್ಟಿಲ್ಲ, ಉಲ್ಟಾ ದಿಕ್ಕಿಗೆ ಹಿಡಿದಿದ್ದೀರಿ ಅಷ್ಟೇ. ಅಪ್ಪನವರ ವೀಸಾ ಸ್ವಿಟ್ಜರ್ಲೆಂಡಿಗೂ ನಡೆಯುತ್ತದೆ, ಪಾಸ್‌ಪೋರ್ಟ್ ಮಾತ್ರ ಕೈಚೀಲದಲ್ಲಿರಲಿ. ಮತ್ತೆ ಗಾಳಿ ಈಗ ಎದುರಿಗೆ.

ಧಾರವಾಡ ಪೇಢೆ | ಜೂನ್ 25

ಅಪ್ಪಾರನ್ನ ಮುಂದಿನ ವರ್ಷ ಮೋಡ್ಲಾರೊಯ್ಟ್‌ಗೆ ನಾ ಕರಕೊಂಡು ಹೋಗ್ತೀನಿ. ಬಟವಾಡೆ ಯಾವ ಆಫೀಸಿಂದ ಅಂತ ಅಲ್ಲೇ ಕೇಳೂಣು.

ಹೇಮಾವತಿ ದಂಡೆ | ಜೂನ್ 25

ಹೇಳಿದೆ. "ಆ ತೂತಿನ ಹಲಗೆ ಮೇಲೆ ಹೊಡೆದು ನೋಡ್ಬೇಕು" ಅಂದರು. ಈಗ ರಾಡೋಲ್ಫ್‌ಸೆಲ್‌ನಲ್ಲಿದ್ದೇವೆ. ಎದುರುಗಾಳಿ ನಿಜವಾಗಿಯೂ ಜೋರಿದೆ, ಅಪ್ಪ ಮುಂದೆ ಹೋಗುತ್ತಾ ನನ್ನನ್ನು ಬೆನ್ನ ಹಿಂದೆ ಬರಲು ಹೇಳುತ್ತಿದ್ದಾರೆ. ಯಾರಿಗಾದರೂ ಈ ಕಡೆ ಇಡ್ಲಿ ರವೆ ಸಿಗುವ ಅಂಗಡಿ ಗೊತ್ತಿದ್ದರೆ ಬೇಗ ಹೇಳಿ, ಭಾನುವಾರ ಬರುವುದರೊಳಗೆ.